ತಂಜಪ್ಪ ಸತ್ತ ಶುಕ್ರವಾರ

ಉಣಕಲ್ಲಿನ ನಮ್ಮ ಮನೆಯಲ್ಲಿ ಪುಸ್ತಕ ತೆರೆಯುವುದು ಸುಲಭವಿತ್ತು, ಮುಚ್ಚುವುದೇ ದೊಡ್ಡ ಫಜೀತಿ. ಶ್ರಾವಣ ಹಿಡಿಯಿತೆಂದರೆ ಆಯಿ, ಅಂದರೆ ನಮ್ಮಪ್ಪನ ತಾಯಿ, ಸಂಜೆ ದೀಪ ಹಚ್ಚಿ, ಪಡಸಾಲೆಯ ಗೋಡೆಗೆ ಬೆನ್ನು ಆನಿಸಿ, ಮಡಚುವ ಮರದ ಪೀಠದ ಮೇಲೆ ಪುರಾಣ ಇಟ್ಟುಕೊಂಡು ರಾಗವಾಗಿ ಓದುತ್ತಿದ್ದಳು. ಎಷ್ಟು ಓದಬೇಕೆಂಬುದು ಅವಳ ಗಂಟಲಿಗೆ ಬಿಟ್ಟದ್ದು. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಅವಳ ಕೈಯಲ್ಲಿರಲಿಲ್ಲ. ಕಥೆಯಲ್ಲಿ ಯಾರಾದರೂ ಸತ್ತರೆ ಅಲ್ಲಿ ಪುಸ್ತಕ ಮುಚ್ಚುವ ಹಾಗಿಲ್ಲ. ಮುಂದೆ ಒಂದು ತೊಟ್ಟಿಲೋ, ಒಂದು ಲಗ್ನವೋ, ಒಂದು ಪಟ್ಟಾಭಿಷೇಕವೋ ಬರುವವರೆಗೂ ಓದಲೇಬೇಕು. ಬಂದ ಮೇಲೆ ಆರತಿ ಬೆಳಗಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮುಚ್ಚಬೇಕು. ಒಮ್ಮೆ ಯುದ್ಧದ ಅಧ್ಯಾಯ ಬಂದು, ಒಬ್ಬನ ಹಿಂದೆ ಒಬ್ಬ ಸಾಯುತ್ತ ಹೋಗಿ, ಆಯಿ ಓದುತ್ತಲೇ ಕೂತಳು. ಒಳಗೆ ಅವ್ವ ಕಲಸಿಟ್ಟ ಜೋಳದ ಹಿಟ್ಟು ಆರಿ ಬಿರುಕು ಬಿಟ್ಟಿತು, ಅಪ್ಪ ಹಸಿದು ಹೊರಗಿಂದ ಕೆಮ್ಮತೊಡಗಿದ, ಆಯಿಯ ದನಿ ಕಟ್ಟಿ ಬರೀ ಗಾಳಿ ಹೊರಡತೊಡಗಿತು. ಕೊನೆಗೆ ಯಾವುದೋ ರಾಣಿಗೆ ಗಂಡು ಕೂಸು ಹುಟ್ಟಿದಾಗ ನಮ್ಮ ಮನೆಯಲ್ಲೇ ಹೆರಿಗೆಯಾಯಿತೇನೋ ಎನ್ನುವಷ್ಟು ಖುಷಿಪಟ್ಟೆವು.

ಆ ಪಡಸಾಲೆಯಲ್ಲೇ ನಮ್ಮ ಸಂಸಾರವೆಲ್ಲ. ಗೋಡೆಯ ಗೂಡಿನಲ್ಲಿ ದೇವರು, ಗೂಡಿನ ಕೆಳಗೆ ಅವ್ವ ಕಸೂತಿ ಹಾಕಿದ ಬಟ್ಟೆ ಹೊದ್ದ ಟೀವಿ, ಎದುರಿಗೆ ಕೀ ಕೊಡುವ ಗಡಿಯಾರ, ಗಡಿಯಾರದ ಕೆಳಗೆ ಈರೂ ಕಾಕಾನ ಮಂಚ. ಕಾಕಾ ಅಪ್ಪನ ತಮ್ಮ, ಇನ್ನೂ ಲಗ್ನವಾಗದ ಹುಡುಗ. ಅಮರಗೋಳದ ಮಾರ್ಕೆಟ್ಟಿನಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಅವನು ಸಂಜೆ ಒಳಗೆ ಬಂದರೆ ಮನೆಮಂದಿಯೆಲ್ಲ ಸೀನುತ್ತಿದ್ದೆವು. ಕಿಸೆಯಲ್ಲಿ ಶೇಂಗಾ, ಬಾಯಲ್ಲಿ ಚೇಷ್ಟೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆಯ ಏರಿಯುದ್ದಕ್ಕೂ ಓಡುತ್ತಿದ್ದವನು, ನಾನು ಆರನೇ ಇಯತ್ತೆಗೆ ಬರುವ ಹೊತ್ತಿಗೆ ಹೊಸ್ತಿಲು ದಾಟಿದರೆ ಸಾಕು, ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದ. ಸಣ್ಣವನಿದ್ದಾಗ ಕೀಲುಗಳೆಲ್ಲ ಬಾತು ಬಂದ ಒಂದು ಜ್ವರ ಅವನ ಹೃದಯದ ವಾಲ್ವು ಕೆಡಿಸಿ ಹೋಗಿತ್ತಂತೆ. ಅಂಗಡಿ ಬಿಟ್ಟ, ಮಂಚ ಹಿಡಿದ. ಚೇಷ್ಟೆ ಮಾತ್ರ ಬಿಡಲಿಲ್ಲ.

ಆ ವರ್ಷವೇ ನಮ್ಮ ಓಣಿಗೆ ಕೇಬಲ್ಲು ಬಂದದ್ದು, ಕೇಬಲ್ಲಿನ ಜೊತೆ ದೊಡ್ಡ ಕಣ್ಣಿನ ಜಪಾನಿ ಕಾರ್ಟೂನುಗಳು ಬಂದದ್ದು. ಅನಿಮೆ ಎಂಬ ಶಬ್ದ ನಾನು ಕೇಳಿದ್ದು ಎಷ್ಟೋ ವರ್ಷದ ಮೇಲೆ. ನಾನು, ಕಾಕಾ ಸಂಜೆ ತಪ್ಪದೆ ನೋಡುತ್ತಿದ್ದದ್ದು ಒಂದೇ, ಹಿಂದಿಯಲ್ಲಿ ಬರುತ್ತಿದ್ದ ಗಂಟೆ ಬಾರಿಸುವವನ ಕಥೆ. ಬೆಟ್ಟಗಳ ನಡುವೆ ಒಂದು ಊರು. ಅಲ್ಲಿ ಗಾಳಿ ನಿಂತುಹೋಗಿದೆ. ಗೋಪುರದ ದೊಡ್ಡ ಗಂಟೆ ಬಾರಿಸಿದರೆ ಮಾತ್ರ ಗಾಳಿ ಏಳುತ್ತದೆ. ಗಂಟೆಯ ಬಾಯಿ ಮುಚ್ಚಿಸಲು ಬೂದಿ ಬಣ್ಣದ ಸೈನ್ಯವೊಂದು ಬಂದು ಊರ ಸುತ್ತ ಬೀಡುಬಿಟ್ಟಿದೆ. ಗಂಟೆ ಬಾರಿಸುವವನ ಹೆಸರು ತೆಂಜೋ. ಸುಟ್ಟ ಗೆಣಸು ತಿನ್ನುತ್ತ, ಎಲ್ಲರನ್ನೂ ಗೇಲಿ ಮಾಡುತ್ತ, ಹೊಟ್ಟೆ ಹಿಡಿದುಕೊಂಡು ನಗುವ ಮನುಷ್ಯ. ಅವನ ಹತ್ತಿರ ಮಿಕಿ ಎಂಬ ತಬ್ಬಲಿ ಹುಡುಗ. ಹಗ್ಗ ಹಿಡಿ ಎಂದರೆ ಅವನಿಗೆ ಕೈಕಾಲು ನಡುಗುತ್ತವೆ. ಆಯಿಗೆ ಹಿಂದಿ ಬಾರದು. ಹಾಗಾಗಿ ಅವಳು ರೊಟ್ಟಿ ಬಡಿಯಲು ಕೂತಾಗ ನಾನು ಒಲೆಯ ಪಕ್ಕ ಕೂತು ಅವತ್ತಿನ ಕಥೆ ಹೇಳಬೇಕು. ಅವಳ ಬಾಯಲ್ಲಿ ತೆಂಜೋ ತಂಜಪ್ಪನಾದ, ಮಿಕಿ ಮಿಕ್ಯಾ ಆದ. ಗೋಪುರ ನಮ್ಮ ಊರ ಗುಡಿಯ ಪಕ್ಕಕ್ಕೇ ಬಂದು ನಿಂತಿತು.

“ಆ ತಂಜಪ್ಪ ನಮ್ಮ ಈರ್ಯಾನಂಗ ಅದಾನ ನೋಡು. ನಗೂದ ಬಿಟ್ರ ಬ್ಯಾರೆ ಉದ್ಯೋಗಿಲ್ಲ.”

ಆಯಿ ಮೆಚ್ಚಿ ಆಡಿದ ಮಾತು ಅದು. ನನ್ನ ಎದೆಯಲ್ಲಿ ಮಾತ್ರ ಮುಳ್ಳಿನ ಹಾಗೆ ಮುರಿದುಕೊಂಡಿತು. ಅಲ್ಲಿಂದ ಮುಂದೆ ನನಗೆ ಅವರಿಬ್ಬರನ್ನು ಬೇರೆ ಮಾಡಿ ನೋಡಲು ಆಗಲೇ ಇಲ್ಲ. ತಂಜಪ್ಪ ನೆಟ್ಟಗಿದ್ದ ದಿನ ಕಾಕಾ ನೆಟ್ಟಗಿರುತ್ತಾನೆ ಎಂದು ನಾನೇ ಒಂದು ಲೆಕ್ಕ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಹೆದರಿಕೆಗೆ ನಿಜವಾದ ಬುನಾದಿ ಬಿದ್ದದ್ದು ಹಿತ್ತಲಲ್ಲಿ. ಒಂದು ಬೆಳಗ್ಗೆ ನಾನು ನೀರೊಲೆಗೆ ಕಟ್ಟಿಗೆ ತರಲು ಹೋದಾಗ ಅವ್ವ ಬಟ್ಟೆ ಒಗೆಯುತ್ತಿದ್ದಳು, ಅಪ್ಪ ಪಕ್ಕದಲ್ಲಿ ನಿಂತು ಸುಮ್ಮನೆ ಹಲ್ಲುಜ್ಜುತ್ತಿದ್ದ. ಕಾಕಾನನ್ನು ಕರೆದುಕೊಂಡು ವಿದ್ಯಾನಗರದ ದವಾಖಾನೆಗೆ ಹಿಂದಿನ ದಿನ ಹೋಗಿಬಂದಿದ್ದರು.

“ಆಪರೇಶನ್ ಮಾಡಿದ್ರ ಖಾತ್ರಿ ಐತೇನ್ರಿ?” ಅವ್ವ ಕೇಳಿದಳು.

“ಖಾತ್ರಿ ಇಲ್ಲಂತ. ಮಾಡದಿದ್ರ ಮಾತ್ರ ಖಾತ್ರಿ ಐತಂತ.”

ನನಗೆ ಮೊದಲು ತಿಳಿಯಲಿಲ್ಲ. ಮಾಡದಿದ್ದರೆ ಖಾತ್ರಿಯಿದ್ದರೆ ಮಾಡುವುದೇ ಬೇಡವಲ್ಲ, ಎಂದುಕೊಂಡು ಕಟ್ಟಿಗೆ ಆರಿಸತೊಡಗಿದೆ. ಅವ್ವ ಬಟ್ಟೆ ಹಿಂಡುವುದು ಬಿಟ್ಟು ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಾಗ ಖಾತ್ರಿ ಯಾವುದರದ್ದು ಎಂದು ತಿಳಿಯಿತು. ನನ್ನ ಅಂಗೈ ಅಂಗಾಲು ತಣ್ಣಗಾದವು. ಪಡಸಾಲೆಗೆ ಹೋಗಿ ಕಾಕಾನ ಬೆನ್ನಿಗೆ ಕಿವಿ ಹಚ್ಚಿ ಕೂತೆ. ಒಳಗೆ ಗುಡುಗುಡು, ಆಮೇಲೆ ಸುಸ್ಸ್ ಎಂದು ಒಂದು ಸೋರುವ ಸಪ್ಪಳ, ಸೀಟಿ ಹೊಡೆಯುವ ಮೊದಲು ಕುಕ್ಕರ್ ಮಾಡುವಂಥದ್ದು. ಮೊದಲೆಲ್ಲ ಅದು ನಮ್ಮಿಬ್ಬರ ಆಟವಾಗಿತ್ತು. ಅವತ್ತು ಆ ಸಪ್ಪಳ ಕೇಳಿದ್ದೇ ಕಿವಿ ತೆಗೆದುಬಿಟ್ಟೆ.

ಆಪರೇಶನ್ನು ಸೋಮವಾರ ಎಂದು ಗೊತ್ತಾಯಿತು. ಆ ವಾರ ಕಾಕಾ ನನಗೆ ಗಡಿಯಾರಕ್ಕೆ ಕೀ ಕೊಡುವುದನ್ನು ಕಲಿಸಲು ಕೂತ. ಅದು ಅವನು ಚಡ್ಡಿ ಹಾಕುವ ಕಾಲದಿಂದ ಮಾಡಿಕೊಂಡು ಬಂದ ಕೆಲಸ, ಅಪ್ಪನಿಗೂ ಮುಟ್ಟಗೊಡುತ್ತಿರಲಿಲ್ಲ. ಸ್ಟೂಲಿನ ಮೇಲೆ ನನ್ನನ್ನು ನಿಲ್ಲಿಸಿ, ಎಡಗೈಯಲ್ಲಿ ಪೆಟ್ಟಿಗೆ ಹಿಡಿ, ಬಲಗೈಯಲ್ಲಿ ತಿರುವು, ಬಿಗಿ ಹತ್ತಿದ ಮೇಲೆ ಒತ್ತಾಯ ಮಾಡಬೇಡ, ಎಂದೆಲ್ಲ ಹೇಳಿದ. ನಾನು ಬೇಕೆಂದೇ ಉಲ್ಟಾ ತಿರುವಿದೆ. ಬರುವುದಿಲ್ಲ ಎಂದೆ. ಕೈನೋವು ಎಂದೆ. ಅವನು ಯಾಕೆ ಕಲಿಸುತ್ತಿದ್ದಾನೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು. ತಂಜಪ್ಪನೂ ಅದೇ ವಾರ ಮಿಕ್ಯಾನ ಕೈಗೆ ಹಗ್ಗ ಕೊಡಲು ನೋಡುತ್ತಿದ್ದ, ಆ ಹುಡುಗನೂ ಒಲ್ಲೆನೆನ್ನುತ್ತಿದ್ದ.

ಗುರುವಾರ ಸಾಲೆಯಲ್ಲಿ ನನ್ನ ಬೆಂಚಿನ ಗೆಳತಿ ಡಬ್ಬಿ ಬಿಚ್ಚುತ್ತ, ಅವಲಕ್ಕಿಗೆ ಉಪ್ಪು ಸಾಲದು ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಪುಣೆಯಲ್ಲಿ ಅವಳ ಮಾಮಾನ ಮಕ್ಕಳು ಆ ಕಾರ್ಟೂನನ್ನು ಇಂಗ್ಲಿಷಿನಲ್ಲಿ ಮೊದಲೇ ನೋಡಿ ಮುಗಿಸಿದ್ದರು.

“ನಿಮ್ಮ ತೆಂಜೋ ನಾಳೆ ಸಾಯ್ತಾನಲ್ಲ.”

ಅವಳ ಜೊತೆ ನಾನು ಆಮೇಲೆ ಎಷ್ಟೋ ದಿನ ಮಾತಾಡಲಿಲ್ಲ, ಪಾಪ, ಅವಳಿಗೆ ಕಾರಣವೂ ಗೊತ್ತಾಗಲಿಲ್ಲ. ಮನೆಗೆ ಬಂದವಳು ದೇವರ ಗೂಡಿನ ಮುಂದೆ ನಿಂತು ಕಾಕಾನಿಗಾಗಿ ಬೇಡಿಕೊಳ್ಳಲು ಕಣ್ಣು ಮುಚ್ಚಿದೆ. ಬಾಯಿಗೆ ಬಂದದ್ದು ತಂಜಪ್ಪನ ಹೆಸರು.

ಶುಕ್ರವಾರ ಸಂಜೆ ನಾನು ಟೀವಿಯ ಬಟ್ಟೆ ತೆಗೆಯದೆ ನಿಂತೆ.

“ಇವತ್ತ ಬ್ಯಾಡ ಕಾಕಾ. ಕ್ರಿಕೆಟ್ ಹಚ್ಚೂಣು.”

“ಕ್ರಿಕೆಟ್ ಎಲ್ಲೈತಿ ಇವತ್ತ? ಯಾಕ, ಏನಾಗೂದೈತಿ?”

“ಏನಿಲ್ಲ.”

“ಸಾಯ್ತಾನೇನು?”

ನಾನು ಟೀವಿಯ ಬಟ್ಟೆಯ ಅಂಚು ಮಡಚತೊಡಗಿದೆ. ಕಾಕಾ ದಿಂಬು ಸರಿಮಾಡಿಕೊಂಡು ಎದ್ದು ಕೂತ.

“ಹಂಗಾರ ನೋಡಾಕಬೇಕು. ಹಚ್ಚು ಲಗೂ.”

ನೋಡಿದೆವು. ಸೈನ್ಯ ಗೋಪುರದ ಬಾಗಿಲು ಒಡೆಯುತ್ತಿತ್ತು. ತಂಜಪ್ಪ ಪಕ್ಕೆಗೆ ಬಾಣ ತಿಂದು, ಒಂದು ಕೈಯಲ್ಲಿ ಗಾಯ ಒತ್ತಿ ಹಿಡಿದು, ಮಿಕ್ಯಾನನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಪ್ರತಿ ತಿರುವಿನಲ್ಲೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಮಂಚದ ಮೇಲೆ ಕಾಕಾನೂ ಎಳೆದುಕೊಳ್ಳುತ್ತಿದ್ದ. ಎರಡೂ ಉಸಿರು ನನ್ನ ಕಿವಿಯಲ್ಲಿ ಒಂದೇ ಆದವು, ನಾನು ಸ್ಟೂಲಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ. ಮೇಲೆ ಹೋದ ಮೇಲೆ ತಂಜಪ್ಪ ಗೋಡೆಗೆ ಒರಗಿ ಕೂತು, ಕಿಸೆಯಿಂದ ಅರ್ಧ ಗೆಣಸು ತೆಗೆದು, ಬಿಸಿ ಆರಿಬಿಟ್ಟಿದೆ ಎಂದು ನಕ್ಕ. ಹಗ್ಗದ ತುದಿಯನ್ನು ಮಿಕ್ಯಾನ ಕಡೆ ಎಸೆದ. ಗಂಟೆಯ ಸಪ್ಪಳ ಕೇಳಲೆಂದು ಕಿವಿ ಆ ಕಡೆ ಹೊರಳಿಸಿದ. ಮಿಕ್ಯಾ ಹಗ್ಗ ಮುಟ್ಟಲಿಲ್ಲ. ತಂಜಪ್ಪನ ಕಣ್ಣು ಮುಚ್ಚಿದವು, ಗೆಣಸು ಉರುಳಿತು, ಹಾಡು ಬಂತು, ಹೆಸರುಗಳು ಮೇಲೆ ಹೋಗತೊಡಗಿದವು.

ಕಾಕಾ ಮಂಚದ ಪಟ್ಟಿಗೆ ಮೆಲ್ಲಗೆ ಬಡಿದು ಹೊಗಳಿದ. ಅವನ ಮುಖದಲ್ಲಿ ಬೆಳಕಿತ್ತು.

“ವಾಹ್ ಮಗನ! ಸತ್ರ ಹಿಂಗ ಸಾಯಬೇಕು ನೋಡು.”

ನನಗೆ ಆ ಬೆಳಕು ಕಂಡು ಆದ ಭಯ ತಂಜಪ್ಪನ ಸಾವು ಕಂಡು ಆಗಿರಲಿಲ್ಲ. ಇವನು ತಯಾರಾಗಿ ಕೂತಿದ್ದಾನೆ ಅನ್ನಿಸಿತು.

“ಯಾಕ ಸಾಯಬೇಕಾಗಿತ್ತ?” ಕಿರುಚಿದೆ.

“ಅಂವ ಇರೂತನಕ ಆ ಹುಡುಗ ಹಗ್ಗ ಮುಟ್ಟತಿದ್ದಿಲ್ಲ. ನಾಳಿ ಮುಟ್ಟತೇನಿ, ನಾಡದ ಮುಟ್ಟತೇನಿ ಅಂತಿದ್ದ. ಈಗ ಮುಟ್ಟಾಕ ಬೇಕು. ಅಂವ ಸತ್ತಿದ್ದಕ್ಕ ಕಥಿ ಮುಂದ ಹೊಕ್ಕೈತಿ.”

“ಹೋಗದಿದ್ರ ಏನಾಕ್ಕೈತಿ? ಕಥಿಗೆ ಬೇಕಂತ ಮನಶ್ಯಾನ್ನ ಕೊಲ್ಲತಾರೇನು?”

“ಅಂವ ಮನಶ್ಯಾ ಅಲ್ಲವ್ವಾ, ಚಿತ್ರ.”

“ಚಿತ್ರ ಇದ್ರೇನು! ಗೆಣಸ ತಿಂತಿದ್ದಿಲ್ಲೇನು ಅಂವ?”

ಕಾಕಾ ನಗಲು ಹೋಗಿ ಕೆಮ್ಮು ಹತ್ತಿ ದಿಂಬಿಗೆ ಒರಗಿದ. ಅಷ್ಟರಲ್ಲಿ ಆಯಿ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯ ಬಾಗಿಲಿಗೆ ಬಂದಳು.

“ಏನಾತ? ಯಾಕ ಒದರಾಕತ್ತಿ?”

“ತಂಜಪ್ಪ ಸತ್ತ.”

“ಅಯ್ಯ ಶಿವನ! ಮುಂದ?”

“ಮುಂದಿಂದು ಸೋಮವಾರ.”

“ಸೋಮವಾರ?” ಆಯಿ ಅಲ್ಲೇ ನಿಂತಳು. “ಅಲ್ಲೀತನಕ?”

“ಅಲ್ಲೀತನಕ ಏನಿಲ್ಲ ಆಯಿ. ಶನಿವಾರ ರವಿವಾರ ಸೂಟಿ.”

ಆಯಿ ಚೌಕಟ್ಟಿಗೆ ಕೈ ಕೊಟ್ಟು ಮೆಲ್ಲಗೆ ಕೆಳಗೆ ಕೂತಳು. ಚೌಕಟ್ಟಿನ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು. ನಾನು ಅಲ್ಲಿಯವರೆಗೂ ಆಯಿ ಹೆದರಿದ್ದನ್ನು ಕಂಡಿರಲಿಲ್ಲ. ಹಾವು ಬಂದಾಗಲೂ ಕೋಲು ತಂದವಳು ಅವಳೇ.

“ಸತ್ತಲ್ಲೇ ಬಂದ ಮಾಡಿ ಹೋಗ್ಯಾರ? ಈ ಟೀವ್ಯಾವ್ರ ಮನ್ಯಾಗ ಹಿರ್ಯಾರ ಇಲ್ಲೇನು?”

ಅಪ್ಪ ವರ್ಕ್‌ಶಾಪಿನಿಂದ ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ರೊಟ್ಟಿಯಿಲ್ಲ, ಆಯಿ ದೇವರ ಮುಂದೆ ಕೂತಿದ್ದಾಳೆ, ದೀಪಕ್ಕೆ ಮೇಲಿಂದ ಮೇಲೆ ಎಣ್ಣೆ ಹಾಕುತ್ತಿದ್ದಾಳೆ. ವಿಷಯ ತಿಳಿದು ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನಿಗೆ ಹೆದರಿಕೆಯಾದಾಗಲೂ ಹೊರಗೆ ಬರುತ್ತಿದ್ದದ್ದು ಸಿಟ್ಟೇ ಎಂದು ನಾನು ದೊಡ್ಡವಳಾದ ಮೇಲೆ ತಿಳಿದುಕೊಂಡೆ.

“ಏನ್ ಹಚ್ಚೀಬೇ ಯವ್ವಾ! ಅದೇನು ಪುರಾಣೇನು? ಹುಡುಗೂರ ಕಾರ್ಟೂನು ಅದು!”

“ಕಥಿ ಕಥೀನ. ಮನ್ಯಾಗ ಜಡ್ಡಿನ ಮನಶ್ಯಾ ಮಲಗ್ಯಾನ. ದೇವರ ಮುಂದ ಹೆಣ ಹಾಕಿ ಎದ್ದ ಹೋದ್ರ ಹೆಂಗ?”

“ಹಂಗೇನೂ ಆಗೂದಿಲ್ಲ.”

“ನಿನಗೇನ ಗೊತ್ತ?” ಆಯಿಯ ದನಿ ಒಡೆಯಿತು. “ಈರ್ಯಾಗ ಜ್ವರಾ ಬಂತಲ್ಲ, ಅದರ ಮುಂಚೆ ಏನಾಗಿತ್ತ ಗೊತ್ತೈತೇನು? ಸಾವಿನ ಅಧ್ಯಾಯ ಓದಾಕತ್ತಿದ್ದೆ. ಇಂವ ಸಾಲಿಂದ ಹಸಗೊಂಡು ಬಂದು ಊಟಕ್ಕ ಹಾಕವಾ ಅಂದ. ಮುಚ್ಚಿ ಎದ್ದೆ. ಆಮ್ಯಾಲೆ ಆ ಕೆಲಸ ಈ ಕೆಲಸ, ಪುಸ್ತಕ ತಗೀಲೇ ಇಲ್ಲ. ಎಂಟ ದಿನದಾಗ ಜ್ವರ.”

ಅಪ್ಪನೂ ಈ ಮಾತು ಮೊದಲ ಸಲ ಕೇಳುತ್ತಿದ್ದ ಎಂದು ಕಾಣುತ್ತದೆ, ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದ ಕೈ ಹಾಗೇ ನಿಂತಿತು. ಮಗನ ಎದೆಯ ಆ ಸೋರುವ ಸಪ್ಪಳವನ್ನು ಆಯಿ ಇಷ್ಟು ವರ್ಷ ತನ್ನದೇ ತಪ್ಪೆಂದು ಕೇಳಿಸಿಕೊಂಡು ಬಂದಿದ್ದಳು.

“ಊಟಕ್ಕ ಹಾಕಿದ್ದಕ್ಕ ಜಡ್ಡು ಬರೂದಾದ್ರ, ಇಷ್ಟ ವರ್ಷ ಹಾಕಿದ್ದಕ್ಕ ನನಗ ಏನೇನ್ ಬರಬೇಕಿತ್ತಬೇ?” ಎಂದ ಕಾಕಾ.

ಆಯಿ ನನ್ನ ಕಡೆ ತಿರುಗಿದಳು.

“ಗಿರಿಜವ್ವಾ, ಅವರ ಬಂದ ಮಾಡಿದ್ರೇನಾತು, ನೀ ಮುಂದ ಹೇಳು. ದಿನಾ ಹೇಳಾಕಿ ನೀನ ಅಲ್ಲ?”

ನನಗೆ ಒಂದು ಕ್ಷಣ ದಾರಿ ಸಿಕ್ಕಂತಾಯಿತು. ಒಬ್ಬ ಮುದುಕ ವೈದ್ಯ ಬೆಟ್ಟದಿಂದ ಇಳಿದು ಬಂದ, ಬೇರು ಅರೆದು ತಂಜಪ್ಪನ ಬಾಯಿಗೆ ಹಾಕಿದ, ತಂಜಪ್ಪ ಕಣ್ಣು ತೆರೆದ, ಎಂದು ಶುರುಮಾಡಿದೆ. ಕಾಕಾ ಮಂಚದಿಂದಲೇ ತಡೆದ.

“ಅದನ್ನೊಂದು ಮಾಡಬ್ಯಾಡ. ಸತ್ತಾಂವ ಸತ್ತ. ಮುಂದ ನಡಿ.”

“ಹಂಗಾರ ನಾ ಹೇಳಂಗಿಲ್ಲ.”

“ಹೇಳ ತಂಗಿ,” ಆಯಿ ಗೋಗರೆದಳು.

“ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ!”

ಹಿತ್ತಲಿಗೆ ಓಡಿಹೋಗಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತೆ. ಎರಡು ಹೆದರಿಕೆಗಳ ನಡುವೆ ನಾನು ಸಿಕ್ಕಿಬಿದ್ದಿದ್ದೆ. ಕಥೆ ಹೇಳದೆ ಬಿಟ್ಟರೆ ಆಯಿಯ ಲೆಕ್ಕದಲ್ಲಿ ಕಾಕಾನಿಗೆ ಕೇಡು. ಹೇಳಿದರೆ ನನ್ನ ಲೆಕ್ಕದಲ್ಲಿ ಕೇಡು, ಯಾಕೆಂದರೆ ಮಿಕ್ಯಾ ಹಗ್ಗ ಹಿಡಿದನೆಂದು ನನ್ನ ಬಾಯಿಂದ ಬಂದರೆ ತಂಜಪ್ಪ ಇನ್ನು ಬೇಕಿಲ್ಲ ಎಂದ ಹಾಗೆ. ಅವ್ವ ಬಂದು ಕೈಹಿಡಿದು ಎಬ್ಬಿಸಿದಳು. ಅವಳ ಕೈಯೂ ತಣ್ಣಗಿತ್ತು.

ದವಾಖಾನೆಗೆ ಹೋಗಲು ಶನಿವಾರ ರಿಕ್ಷಾ ಬಂತು. ಕಾಕಾ ಹೊಸ್ತಿಲಲ್ಲಿ ನಿಂತು ಉಸಿರು ತೆಗೆದುಕೊಂಡು ನನ್ನ ಜಡೆ ಎಳೆದ.

“ಗಡಿಯಾರ ಮರೀಬ್ಯಾಡ.”

ನಾನು ತಲೆಯಾಡಿಸಿದೆ. ಕೀ ಕೊಡಲಿಲ್ಲ. ಸ್ಟೂಲು ತಂದಿಟ್ಟುಕೊಂಡು ಗಡಿಯಾರದ ಕೆಳಗೆ ನಿಂತು ನೋಡಿದೆ ಅಷ್ಟೇ. ರವಿವಾರ ಯಾವಾಗಲೋ ಅದು ನಿಂತುಹೋಯಿತು. ನಿಂತ ಗಡಿಯಾರದ ಕೆಳಗೆ ಖಾಲಿ ಮಂಚ. ಆ ಪಡಸಾಲೆಯನ್ನು ದಾಟಿ ಅಡಿಗೆಮನೆಗೆ ಹೋಗಲು ನನಗೆ ಧೈರ್ಯ ಸಾಲದೆ ಹಿತ್ತಲು ಸುತ್ತಿ ಹೋದೆ. ಅವ್ವ ನಿಂತ ಮುಳ್ಳು ನೋಡಿದಳು, ನನ್ನನ್ನು ನೋಡಿದಳು, ಸ್ಟೂಲು ತೆಗೆದು ಒಳಗಿಟ್ಟಳು.

ಸೋಮವಾರ ದವಾಖಾನೆಯವರು ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದರೂ ಆಯಿ ನನ್ನ ಕೈ ಬಿಡಲಿಲ್ಲ. ಇಳಕಲ್ ಸೀರೆಯುಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು, ಲಗ್ನಕ್ಕೆ ಹೊರಟವಳ ಹಾಗೆ ಬಂದು ಆಪರೇಶನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ಬೆಂಚಿನ ಆ ತುದಿಗೆ ಅಪ್ಪ, ಗೋಡೆಗೆ ತಲೆಯಿಟ್ಟು. ಕಾಕಾನನ್ನು ಒಳಗೆ ಒಯ್ದು ಎಷ್ಟೋ ಹೊತ್ತಾಗಿತ್ತು. ಬಾಗಿಲು ಅಲುಗಾಡಿದಾಗಲೆಲ್ಲ ನಾವು ಮೂವರೂ ಒಟ್ಟಿಗೆ ಏಳುತ್ತಿದ್ದೆವು, ಯಾರೋ ಟ್ರೇ ಹಿಡಿದು ಹೋದ ಮೇಲೆ ಕೂರುತ್ತಿದ್ದೆವು. ಆಯಿಯ ಬಳೆಗಳು ಸಪ್ಪಳ ಮಾಡುತ್ತಿದ್ದವು.

“ಗಿರಿಜವ್ವಾ,” ಎಂದಳು. ಗೋಗರೆಯುವ ದನಿಯೂ ಉಳಿದಿರಲಿಲ್ಲ. “ಒಳಗ ಅವನ ಎದಿ ತಗದಾರ. ಇಲ್ಲೆ ಕಥಿ ತಗದದ್ದು ತಗದಂಗ ಐತಿ. ಮುಚ್ಚೂಣು ಬಾರವಾ. ನನಗ ಭಾಳ ಅಂಜಿಕಿ ಬರಾಕತ್ತೈತಿ.”

ಆಯಿ ಅಂಜಿಕೆ ಎಂಬ ಮಾತನ್ನು ತನ್ನ ಬಗ್ಗೆ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳಿಗೆ ನನಗಿಂತ ಹೆಚ್ಚು ಹೆದರಿಕೆಯಿದೆ, ಅವಳಿಗೆ ಕೊಡಲು ಈ ಬೆಂಚಿನ ಮೇಲೆ ನನ್ನ ಹತ್ತಿರ ಮಾತ್ರ ಏನೋ ಇದೆ ಎಂದು ತಿಳಿದಾಗ ನನ್ನ ಹಟ ಕರಗಿತು. ಕಣ್ಣು ಮುಚ್ಚಿಕೊಂಡು, ತಂಜಪ್ಪ ಸತ್ತ, ಎಂದೆ. ಹೇಳಿದ ಕೂಡಲೇ ಬಾಗಿಲು ತೆರೆಯುತ್ತದೆ, ಡಾಕ್ಟರು ತಲೆ ತಗ್ಗಿಸಿಕೊಂಡು ಬರುತ್ತಾರೆ ಎಂದು ಕಾದೆ. ತೆರೆಯಲಿಲ್ಲ. ಮುಂದೆ ಹೇಳದೆ ಗತ್ಯಂತರವಿರಲಿಲ್ಲ.

“ಮಿಕ್ಯಾ ಅಳಾಕತ್ತ.”

“ಎಷ್ಟೊತ್ತ ಅತ್ತ?”

“ಭಾಳೊತ್ತು.”

“ಅಳಲಿ, ಅಳಲಿ. ಆಮ್ಯಾಲೆ?”

“ಆಮ್ಯಾಲೆ ಹಗ್ಗ ಹಿಡಿದ. ಕೈ ನಡಗತಿದ್ವು. ಹಂಗ ಜಗ್ಗಿದ. ಗಂಟಿ ಹೊಡೀತು. ಗಾಳಿ ಬೀಸಾಕತ್ತಿತು. ದಂಡಿನವರ ಬಾವುಟ ಹಾರಿ ಹೋದವು, ಡೇರೆ ಕಿತ್ತ ಹೋದವು, ಅವರೂ ಓಡಿಹೋದ್ರು.”

“ತಂಜಪ್ಪನ್ನ ಮಣ್ಣ ಯಾರ ಮಾಡಿದ್ರು?”

ಆಯಿ ಬಿಡುವವಳಲ್ಲ.

“ಮಿಕ್ಯಾ ಮಾಡಿದ. ಊರ ಮಂದಿ ಎಲ್ಲಾ ಬಂದಿದ್ರು.”

“ಛಲೋ ಆತು. ಆದ್ರ ಅಲ್ಲಿ ನಿಲ್ಲಬ್ಯಾಡ. ನಡಿ ಮುಂದ.”

ಮುಂದೆ ಏನು? ತೊಟ್ಟಿಲು ತರೋಣವೆಂದರೆ ಹುಟ್ಟಿದ ಕೂಸಿಗೆ ಸತ್ತವನ ಹೆಸರು ಇಡಬೇಕಾಗುತ್ತದೆ, ಆಯಿ ಇಡಿಸದೆ ಬಿಡುವುದಿಲ್ಲ. ಆ ಹೆಸರನ್ನು ಬೇರೆ ಯಾರಿಗೂ ಕೊಡಲು ನಾನು ತಯಾರಿರಲಿಲ್ಲ. ಪಟ್ಟ ಕಟ್ಟಲು ಆ ಊರಿಗೆ ರಾಜನಿಲ್ಲ. ಉಳಿದದ್ದು ಲಗ್ನ. ಗಾಳಿ ನಿಂತ ದಿನದಿಂದ ಆ ಊರಲ್ಲಿ ಯಾರೂ ಲಗ್ನ ಮಾಡಿಕೊಂಡಿರಲಿಲ್ಲ, ಈಗ ಗಾಳಿ ಬಂತಲ್ಲ, ಊರಿಗೆ ಊರೇ ಹಂದರ ಹಾಕಿತು, ಎಂದು ಹೇಳಿದೆ.

“ಊಟಕ್ಕ ಏನ ಮಾಡಿದ್ರು?” ಆಯಿ ಕೇಳಿದಳು.

“ಹುಗ್ಗಿ.”

“ಗೋದಿ ಹುಗ್ಗಿ?”

“ಹೂಂ, ಗೋದಿ ಹುಗ್ಗಿ.”

“ತುಪ್ಪ?”

“ಹಾಕಿದ್ರು. ಭಾಳ ಹಾಕಿದ್ರು.”

ಬೆಂಚಿನ ಆ ತುದಿಯಿಂದ ಅಪ್ಪನ ದನಿ ಬಂತು. ಅವನು ತಲೆ ಗೋಡೆಗೇ ಇಟ್ಟಿದ್ದ, ಕಣ್ಣು ತೆರೆದಿರಲಿಲ್ಲ.

“ಜಪಾನದಾಗ ಹುಗ್ಗಿಗೆ ಗೋದಿ ಎಲ್ಲಿಂದ ತಂದ್ರು?”

“ಅಮರಗೋಳದಿಂದ,” ಎಂದೆ.

ಅಪ್ಪನ ತುಟಿ ಅಲುಗಿತು, ಕಣ್ಣಿಂದ ನೀರು ಇಳಿಯಿತು. ಆಯಿ ನನ್ನ ಎರಡೂ ಅಂಗೈಗಳನ್ನು ಹಿಡಿದು, ಪುಸ್ತಕದ ಹಾಗೆ ಕೂಡಿಸಿ ಮುಚ್ಚಿ, ತನ್ನ ಕಣ್ಣಿಗೆ ಒತ್ತಿಕೊಂಡಳು. ಹೆದರಿಕೆ ಹೋಗಿರಲಿಲ್ಲ, ಆದರೆ ಹಂಚಿಕೊಂಡ ಮೇಲೆ ಕೂರಲು ಸಾಧ್ಯವಾಗುವಷ್ಟು ಸಣ್ಣದಾಗಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತೆರೆಯಿತು.

ಕಾಕಾ ಬದುಕಿದ. ಕಥೆಗೆ ಅದರಿಂದ ಏನೂ ಉಪಕಾರವಾಗಲಿಲ್ಲ. ನನ್ನ ಮಾತಿನಿಂದ ಬದುಕಿದನೆಂದು ಆಯಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಡಾಕ್ಟರರ ಕೈಯಿಂದ ಬದುಕಿದನೆಂದು ನನಗೆ ಆಗಲೂ ಗೊತ್ತಿತ್ತು, ಆದರೂ ಆಯಿಯನ್ನು ತಿದ್ದಲು ಹೋಗಲಿಲ್ಲ. ಮನೆಗೆ ಬಂದ ಕಾಕಾ ಮಾಡಿದ ಮೊದಲ ಕೆಲಸ, ಚೌಕಟ್ಟು ಹಿಡಿದು ಗೋಡೆ ನೋಡಿ ನನ್ನನ್ನು ಬೈದದ್ದು.

“ಗಡಿಯಾರ ನಿಂತೈತಲ್ಲ ಹುಡುಗಿ! ಒಂದ ಕೆಲಸ ಹೇಳಿದ್ದೆ.”

“ನಿನ್ನ ಕೆಲಸ ನೀ ಮಾಡ್ಕೋ,” ಎಂದೆ.

ಅವನು ಮತ್ತೆ ಅಮರಗೋಳಕ್ಕೆ ಹೋಗತೊಡಗಿದ. ಕೇಬಲ್ಲಿನವನ ಜೊತೆ ಜಗಳಾಡಿದ. ಲಗ್ನ ಮಾಡಿಕೊಂಡ. ಬೆಳಗಿನ ನಳದ ನೀರಿಗಾಗಿ ಅಪ್ಪನ ಮೇಲೆ ಮುನಿಸಿಕೊಂಡು ಒಂದು ವಾರ ಮಾತು ಬಿಟ್ಟ. ಹೊಟ್ಟೆ ಬಂತು, ಕೂದಲು ಹೋಯಿತು, ಹಳೇ ಚೇಷ್ಟೆಗಳನ್ನೇ ತಿರುಗಿಸಿ ಹೇಳಿ ಹೇಳಿ ಬೇಸರ ಬರಿಸಿದ. ಅವನ ಎದೆಯಲ್ಲಿ ಕೂಡಿಸಿದ ಹೊಸ ವಾಲ್ವು ಟಕ್ ಟಕ್ ಎಂದು ಸಪ್ಪಳ ಮಾಡುತ್ತದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಪಡಸಾಲೆಯಲ್ಲಿ ಗಡಿಯಾರದ್ದೊಂದು, ಕಾಕಾನದ್ದೊಂದು ಸಪ್ಪಳ ಕೇಳಿಸುತ್ತದೆ. ಎಷ್ಟೋ ವರ್ಷ ನಾನು ಓದುವಾಗ ಬರೆಯುವಾಗ ಒಂದು ಕಿವಿಯನ್ನು ಆ ಕಡೆಗೇ ಇಟ್ಟುಕೊಂಡಿದ್ದೆ. ಹೆದರಿಕೆ ನನಗೆ ಸಪ್ಪಳಗಳನ್ನು ಕೇಳಲು ಕಲಿಸಿತು, ನನ್ನ ಬರವಣಿಗೆಗೆ ಬಂದದ್ದೆಲ್ಲ ಆ ಕಿವಿಯಿಂದಲೇ ಬಂದದ್ದು.

ಧಾರವಾಡದ ಹಾಸ್ಟೆಲಿನಲ್ಲಿ ಗೆಳತಿಯ ಕಂಪ್ಯೂಟರಿನಲ್ಲಿ ಆ ಕಾರ್ಟೂನನ್ನು ಕೊನೆಯವರೆಗೂ ನೋಡಿದೆ. ಮಿಕ್ಯಾ ಹಗ್ಗ ಜಗ್ಗಿದ ಜಾಗದಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಅಲ್ಲಿ ಹುಗ್ಗಿಯಿರಲಿಲ್ಲ. ಉಳಿದದ್ದೆಲ್ಲ ಕಾಕಾ ಹೇಳಿದ ಹಾಗೇ ಇತ್ತು, ತಂಜಪ್ಪ ಸಾಯದಿದ್ದರೆ ಆ ಗಂಟೆ ಅಷ್ಟು ಚೆನ್ನಾಗಿ ಕೇಳಿಸುತ್ತಿರಲಿಲ್ಲ. ನಿನ್ನ ಮಾತು ಖರೇ ಇತ್ತು ಎಂದು ಫೋನು ಮಾಡಿ ಹೇಳಿದೆ, ಆದರೂ ಅವನು ಸಾಯಬಾರದಿತ್ತು ಎಂದೂ ಹೇಳಿದೆ. ಎರಡೂ ಹೆಂಗ ಖರೇ ಆಕ್ಕೈತಿ ಎಂದು ಕಾಕಾ ಕೇಳಿದ.

ಆಯಿ ಈಗಿಲ್ಲ. ಅವಳ ಪೀಠದ ಮೇಲೆ ಈ ಹಾಳೆಗಳನ್ನಿಟ್ಟು ಮೊನ್ನೆ ಕಾಕಾನಿಗೆ ಓದಿ ತೋರಿಸಿದೆ. ಅದೇ ಪಡಸಾಲೆ, ಅದೇ ಮಂಚ. ಪೂರ್ತಿ ಕೇಳಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ಹೊರಳಿದ.

“ಖರೇ ಹೇಳು ಗಿರಿಜಾ. ಅವತ್ತ ನಾ ಸತ್ತಿದ್ರ ಈ ಕಥಿ ಇನ್ನೂ ಛಲೋ ಆಗತಿತ್ತಲ್ಲ?”

“ಭಾಳ ಛಲೋ ಆಗತಿತ್ತು ಕಾಕಾ. ಓದಿದವರೆಲ್ಲ ಅಳತಿದ್ರು.”

“ಮತ್ತ?”

“ಮತ್ತೇನಿಲ್ಲ. ಏಳು, ರೊಟ್ಟಿ ಆರತಾವು.”